ಶುಕ್ರವಾರದ ಊಟದಲ್ಲಿ ವರ್ನಾ ಎದ್ದು ನಿಂತದ್ದು

ವರ್ನಾ ಶ್ರಾಗ್ ಹುಟ್ಟಿದ್ದು, ಮದುವೆಯಾದದ್ದು, ತಲೆ ನರೆತದ್ದು ಎಲ್ಲವೂ ನೆಬ್ರಾಸ್ಕಾದಲ್ಲಿ, ಹಾಲಿನ ಹಸುಗಳ ನಡುವೆ. ಗಂಡ ಹಾರ್ಲನ್ ತೀರಿಕೊಂಡ ಮೇಲೆ ಹಸುಗಳನ್ನು ಮಾರಿದಳು. ಮಂಡಿನೋವಿಗೆ ಒಣ ಬಿಸಿಲು ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ ಅರಿಜೋನಾಕ್ಕೆ ಬಂದು, ವಯಸ್ಸಾದವರಿಗೆಂದೇ ಇರುವ, ಗಾಲಿಗಳ ಮೇಲೆ ಕೂರಿಸಿದ ಟ್ರೇಲರ್ ಮನೆಗಳ ಬಡಾವಣೆಯಲ್ಲಿ ನೆಲೆಸಿದಳು. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಬಿಸಿಲೇರುವವರೆಗೆ ಮಲಗುವುದನ್ನು ಕಲಿತಳು. ಆಮೇಲೆ ಡೆಲ್ಬರ್ಟನ ಜೊತೆ ಕುಣಿಯುವುದನ್ನು ಕಲಿತಳು.

ಆ ಬಡಾವಣೆಯಲ್ಲಿ ಗಂಡಸರು ಕಡಿಮೆ. ಇದ್ದವರಲ್ಲೂ ಅರ್ಧ ಜನ ಕೂತರೆ ಏಳಲಾರರು. ಡೆಲ್ಬರ್ಟ್ ಹಾಕ್ಸ್ ರೈಲ್ವೆಯಿಂದ ನಿವೃತ್ತನಾದವನು. ಸ್ವಂತ ಹಲ್ಲು, ನೆಟ್ಟಗಿನ ಬೆನ್ನು, ಕತ್ತಲಾದ ಮೇಲೂ ಕಾರು ಓಡಿಸುವಷ್ಟು ಕಣ್ಣು. ಇಷ್ಟಿದ್ದರೆ ಅಲ್ಲಿ ಗಂಡಸು ಮಹಾರಾಜನಿಗೆ ಸಮ. ಶನಿವಾರದ ಕುಣಿತದಲ್ಲಿ ಪರಿಚಯವಾಗಿ, ಬುಧವಾರ ಮಧ್ಯಾಹ್ನ ವರ್ನಾಳ ಮನೆಗೆ ಕಾಫಿಗೆ ಬರತೊಡಗಿದ. ಒಂದೆರಡು ತಿಂಗಳಲ್ಲಿ ಕಾಫಿ ಲೋಟದಲ್ಲೇ ಆರಿಹೋಗುವುದು ಮಾಮೂಲಾಯಿತು.

ಇದನ್ನು ವರ್ನಾ ಯಾರಿಗೂ ಹೇಳಲಿಲ್ಲ. ಪಕ್ಕದ ಟ್ರೇಲರಿನ ಇನೆಸ್ ಲುಸೆರೋ ಅವಳ ಜೀವದ ಗೆಳತಿ, ದಿನಾ ಸಂಜೆ ಇಸ್ಪೀಟಿನ ಜೊತೆಗಾತಿ. ಅವಳಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡದ್ದರಲ್ಲೂ ಒಂದು ಖುಷಿಯಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ವರ್ನಾಗೆ ಉರಿಮೂತ್ರ ಶುರುವಾಯಿತು. ನೀರು ಕಡಿಮೆ ಕುಡಿದೆನೇನೋ ಎಂದುಕೊಂಡು ಆಸ್ಪತ್ರೆಗೆ ಹೋದಳು. ಪರೀಕ್ಷೆಯೆಲ್ಲ ಮುಗಿದ ಮೇಲೆ, ಮೊಮ್ಮಗಳ ವಯಸ್ಸಿನ ಡಾಕ್ಟರು ಬಾಗಿಲು ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು. ವರ್ನಾ ಕ್ಯಾನ್ಸರ್ ಎಂದೇ ತಿಳಿದು ಮನಸ್ಸು ಗಟ್ಟಿ ಮಾಡಿಕೊಂಡಳು.

"ನಿಮಗೆ ಕ್ಲಮೀಡಿಯ ಆಗಿದೆ," ಎಂದಳು ಡಾಕ್ಟರು. "ಕೂಡುವುದರಿಂದ ಅಂಟೋ ಕಾಯಿಲೆ. ಒಂದು ವಾರ ಮಾತ್ರೆ ತಗೊಂಡ್ರೆ ಹೋಗುತ್ತೆ. ನೀವು ಕಾಂಡೋಮ್ ಬಳಸ್ತಾ ಇದ್ರಾ?"

"ಈ ವಯಸ್ಸಲ್ಲಿ ನಾನು ಬಸುರಿಯಾದ್ರೆ ಪೇಪರ್‌ನಲ್ಲಿ ಬರುತ್ತೆ ಡಾಕ್ಟ್ರೇ."

"ಅದು ಬರೀ ಮಗು ತಡೆಯೋಕಲ್ಲ," ಎಂದು ಡಾಕ್ಟರು ನಗು ತಡೆದುಕೊಂಡು ವಿವರಿಸಿದಳು. ಎಷ್ಟೋ ಜನರಿಗೆ ಈ ಕಾಯಿಲೆ ಬಂದದ್ದೇ ಗೊತ್ತಾಗುವುದಿಲ್ಲ. ಜೊತೆಗಾರನಿಗೂ ತಿಳಿಸಬೇಕು, ಅವನಿಗೂ ಚಿಕಿತ್ಸೆಯಾಗಬೇಕು. ಇಬ್ಬರಿಗೂ ವಾಸಿಯಾಗುವವರೆಗೆ ದೂರ ಇರಬೇಕು.

ವರ್ನಾ ಕಾರಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಮೊದಲು ಸಿಟ್ಟು ಬಂದದ್ದು, ಪಾಪ, ಸತ್ತ ಹಾರ್ಲನ್ ಮೇಲೆ. ಅವನು ಬದುಕಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಆಮೇಲೆ ತನ್ನ ಮೇಲೇ ಬಂತು. ಹೊಸ ಹೋರಿಯನ್ನು ಮಂದೆಗೆ ಬಿಡುವ ಮುಂಚೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಡೆಲ್ಬರ್ಟನನ್ನು ಮಾತ್ರ ಹಲ್ಲು ನೋಡಿ ಒಳಗೆ ಕರೆದುಕೊಂಡಿದ್ದಳು.

ಅಲ್ಲಿಂದ ನೇರ ಅವನ ಮನೆಗೆ ಹೋದಳು. ಡೆಲ್ಬರ್ಟ್ ತನ್ನ ಗಾಲ್ಫ್ ಗಾಡಿಯನ್ನು ಒರೆಸುತ್ತಿದ್ದ. ವಿಷಯ ಕೇಳಿ ಅವನ ಮುಖ ಬಿಳಚಿಕೊಂಡಿತು. ತನಗೇನೂ ನೋವಿಲ್ಲ, ಉರಿಯಿಲ್ಲ ಎಂದ. ನನ್ನನ್ನು ಬಿಟ್ಟು ಇನ್ನೂ ಯಾರಾದರೂ ಇದ್ದಾರೆಯೇ ಎಂದು ವರ್ನಾ ಕೇಳಿದಳು. ಅವನು ಗಾಡಿಯ ಒಂದೇ ಜಾಗವನ್ನು ತಿಕ್ಕುತ್ತ ನಿಂತ.

"ನೀನು ಯಾವತ್ತೂ ಕೇಳಲೇ ಇಲ್ವಲ್ಲ ವರ್ನಾ," ಎಂದ ಕೊನೆಗೆ.

ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವನು ಸುಳ್ಳು ಹೇಳಿರಲಿಲ್ಲ ನಿಜ. ಇವಳು ಕೇಳಿರಲಿಲ್ಲ, ಅದೂ ನಿಜ. ಅವಳು ಬೆಳೆದ ಕಡೆ ಗಂಡಸು ಅಡುಗೆಮನೆಗೆ ಬಂದು ಟೋಪಿ ತೆಗೆದಿಟ್ಟನೆಂದರೆ ಮಾತು ಮುಗಿದ ಹಾಗೆ, ಅವನು ಆ ಮನೆಯವನು. ಡೆಲ್ಬರ್ಟ್ ಎಲ್ಲ ಮನೆಗಳಲ್ಲೂ ಟೋಪಿ ತೆಗೆದಿಡುತ್ತಿದ್ದ. ಯಾರ್‍ಯಾರ ಮನೆ ಎಂದು ಕೇಳಿದರೆ, ಮರ್ಯಾದಸ್ಥ ಹೆಸರು ಹೇಳುವುದಿಲ್ಲ ಎಂದುಬಿಟ್ಟ. "ಹಾಗಾದ್ರೆ ಅವರಿಗೆ ನೀನೇ ಹೇಳು," ಎಂದಳು ವರ್ನಾ. ಹೇಳುತ್ತೇನೆ ಎಂದು ಮಾತು ಕೊಟ್ಟ.

ಮುಂದಿನ ವಾರ ಕೇಳಿದಳು. ಇನ್ನೂ ಸರಿಯಾದ ಸಮಯ ಸಿಕ್ಕಿಲ್ಲ ಎಂದ. ಮತ್ತೆ ಕೇಳಿದಳು, ಒಬ್ಬರ ಹುಟ್ಟುಹಬ್ಬವಿತ್ತು, ಹೇಳಲು ಮನಸ್ಸು ಬರಲಿಲ್ಲ ಎಂದ.

ಶುಕ್ರವಾರ ಸಂಜೆ ಬಡಾವಣೆಯ ಸಭಾಂಗಣದಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಊಟ ಮಾಡುವ ರೂಢಿ. ಊಟದ ನಡುವೆ ಮ್ಯಾನೇಜರು ಈಜುಕೊಳದ ದುರಸ್ತಿಯ ಬಗ್ಗೆ ಹೇಳಿ, ಬೇರೆ ಯಾರಿಗಾದರೂ ತಿಳಿಸುವುದಿದೆಯೇ ಎಂದು ಕೇಳಿದ. ಆಲೂಗಡ್ಡೆ ಸಲಾಡ್ ಬಡಿಸುತ್ತಿದ್ದ ಡೆಲ್ಬರ್ಟ್ ಯಾರದೋ ತಟ್ಟೆಗೆ ಬಾಗಿ ಏನೋ ಹೇಳಿ ನಗಿಸುತ್ತಿದ್ದ. ವರ್ನಾ ಎದ್ದು ನಿಂತಳು.

"ನನಗೆ ಕ್ಲಮೀಡಿಯ ಆಗಿತ್ತು. ಮಾತ್ರೆ ತಗೊಂಡೆ, ಹೋಯ್ತು," ಎಂದಳು. "ಯಾರಿಂದ ಬಂತು ಅಂತ ಹೇಳಲ್ಲ. ಈಚೆಗೆ ಯಾರ ಮನೆಗೆ ಯಾರು ಬಂದು ಹೋಗಿದ್ರೂ ಸರಿ, ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಅಷ್ಟೇ."

ಹಿಂದಿನ ಮೇಜಿನಲ್ಲಿದ್ದ ಕಿವುಡ ಮುದುಕನೊಬ್ಬ, ಅವಳು ಏನು ಬೆಳೆದಳಂತೆ, ಕ್ಯಾಮೀಲಿಯ ಹೂವೇ, ಎಂದು ಹೆಂಡತಿಯನ್ನು ಕೇಳಿದ. ಹೆಂಡತಿ ಅವನ ಕಿವಿಗೆ ಬಾಯಿಟ್ಟು ಸರಿಯಾದ ಹೆಸರನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಕೇಳಿಸಿಕೊಳ್ಳದಿದ್ದವರಿಗೂ ಕೇಳಿಸಿತು. ಮ್ಯಾನೇಜರು ಕೆಮ್ಮಿ, ಈಜುಕೊಳಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಿದ. ಡೆಲ್ಬರ್ಟ್ ಸೌಟು ಹಿಡಿದು ಕಂಬದಂತೆ ನಿಂತಿದ್ದ. ಇನೆಸ್ ತಟ್ಟೆ ಬಿಟ್ಟು ಎದ್ದು ಹೊರಟುಹೋದಳು.

ಗೆಳತಿಗೆ ತನ್ನಿಂದ ನಾಚಿಕೆಯಾಯಿತೇನೋ ಎಂದು ವರ್ನಾ ಕೊರಗಿದಳು. ಆ ಸಂಜೆ ಇಸ್ಪೀಟಿಲ್ಲ, ಮರುದಿನವೂ ಇಲ್ಲ. ಸೋಮವಾರ ಬೆಳಗ್ಗೆ ಇನೆಸ್ ಬಾಗಿಲಲ್ಲಿ ಬಂದು ನಿಂತಳು, ತೋಳಿನಲ್ಲಿ ಕೈಚೀಲ, ಮುಖ ಊದಿಸಿಕೊಂಡು.

"ಡೆಲ್ಬರ್ಟೇ ತಾನೆ?"

ವರ್ನಾ ಬಾಗಿಲನ್ನು ಪೂರ್ತಿ ತೆರೆದಳು.

"ನನ್ನ ಮನೆಗೆ ಸೋಮವಾರ ಬರ್ತಿದ್ದ," ಎಂದಳು ಇನೆಸ್. "ನನಗೆ ಕಣ್ಣಿನ ಪೊರೆ, ಕಾರು ಓಡಿಸೋಕಾಗಲ್ಲ. ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗ್ಬೇಕು. ದಾರೀಲಿ ನಿನ್ನ ಜೊತೆ ಮಾತಾಡಲ್ಲ, ಅದು ಬೇರೆ."

ಅರ್ಧ ದಾರಿಯವರೆಗೆ ಮಾತಾಡಲಿಲ್ಲ. ಆಮೇಲೆ, ಅವನು ನಿನ್ನ ಮನೆಯಲ್ಲೂ ಎದ್ದು ಹೋಗುವಾಗ ಕಡುಬಿನ ತುಂಡೊಂದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದನೇ ಎಂದು ಇನೆಸ್ ಕೇಳಿದಳು. ಹೌದು, ಸೇಬಿನ ಕಡುಬು ಎಂದಳು ವರ್ನಾ. ತನ್ನದು ಕುಂಬಳದ್ದು ಎಂದಳು ಇನೆಸ್. ಯಾರಿಗೆ ಮೊದಲು ನಗು ಬಂತೋ ತಿಳಿಯದು. ವರ್ನಾ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಆಸ್ಪತ್ರೆಯಲ್ಲಿ ನೋಡಿದರೆ ಅರ್ಧ ಬಡಾವಣೆಯೇ ಕೂತಿತ್ತು, ಎಲ್ಲರೂ ಪತ್ರಿಕೆಯ ಮರೆಯಲ್ಲಿ. ವರ್ನಾಳನ್ನು ಕಂಡು ಒಬ್ಬೊಬ್ಬರೇ ಚರ್ಚಿನಲ್ಲಿ ಮಾಡುವ ಹಾಗೆ ಗಂಭೀರವಾಗಿ ತಲೆಬಾಗಿಸಿದರು. ಮೂಲೆಯಲ್ಲಿ ಡೆಲ್ಬರ್ಟ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇದ್ದವು.

ಬೇಸಿಗೆಯ ಹೊತ್ತಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿ, ಸೋಪುಪುಡಿಯ ಪಕ್ಕ, ಮ್ಯಾನೇಜರು ಕಾಂಡೋಮುಗಳ ಬುಟ್ಟಿಯೊಂದನ್ನು ಇಟ್ಟ. ಯಾರು ತೆಗೆದುಕೊಳ್ಳುವುದನ್ನೂ ಯಾರೂ ನೋಡಲಿಲ್ಲ. ಬುಟ್ಟಿ ಮಾತ್ರ ಖಾಲಿಯಾಗುತ್ತಲೇ ಇತ್ತು. ಇನೆಸ್‌ಗೆ ಡೆಲ್ಬರ್ಟನ ಆಸೆ ಪೂರ್ತಿ ಬಿಟ್ಟುಹೋಗಿತ್ತು, ವರ್ನಾಗೆ ಬಿಟ್ಟಿರಲಿಲ್ಲ.

ಅವನಿಗೂ ವಾಸಿಯಾದ ಮೇಲೆ ಒಂದು ಬುಧವಾರ ಬಂದ. ಈ ಸಲ ವರ್ನಾ ಕಾಫಿಗೆ ಮುಂಚೆಯೇ ಕೇಳಿದಳು. "ನನ್ನೊಬ್ಬಳ ಜೊತೆ ಇರ್ತೀಯಾ, ಇಲ್ವಾ? ಬಾಯಿಬಿಟ್ಟು ಹೇಳು."

ನಾಳೆಯವರೆಗೆ ಸಮಯ ಕೊಡು ಎಂದ. ಕೂಡಲೇ ಹೌದು ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಗುರುವಾರ ಬಂದು, ಟೋಪಿಯನ್ನು ಕೈಯಲ್ಲೇ ಹಿಡಿದು, "ನನ್ನಿಂದಾಗಲ್ಲ ವರ್ನಾ. ಸುಳ್ಳು ಹೇಳೋಕೆ ಇಷ್ಟ ಇಲ್ಲ," ಎಂದ.

ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ವರ್ನಾ ಬಾಗಿಲು ಹಾಕಿಕೊಂಡಳು. ಸ್ವಲ್ಪ ಅತ್ತಳು. ಬುಧವಾರದ ಮಧ್ಯಾಹ್ನಗಳು ಬಹಳ ದಿನ ಉದ್ದವಾಗಿಯೇ ಇದ್ದವು. ಕೊನೆಗೆ ಇನೆಸಳನ್ನು ಎಳೆದುಕೊಂಡು ಈಜುಕೊಳದ ವ್ಯಾಯಾಮಕ್ಕೆ ಸೇರಿದಳು. ಅಲ್ಲಿ ಗಂಡಸರೇ ಇರಲಿಲ್ಲ. ನೀರು ಬೆಚ್ಚಗಿತ್ತು.