ಒಂದು ಗೇಣು, ಎರಡು ಬೆರಳು

ಮೊರಾಕ್ಕೊಗೆ ಹೋಗಿ ಬಂದೆ ಎಂದರೆ ರಾಮನಗರದಲ್ಲಿ ಜನ ಮೊದಲು ಕೇಳುವುದು "ಅಲ್ಲಿಗ್ಯಾಕೆ?" ಎಂದು. ನನಗೂ ಸರಿಯಾಗಿ ಗೊತ್ತಿಲ್ಲ. ಮದುವೆಯಾಗದ ಮೇಷ್ಟ್ರು ನಾನು. ಮಾಗಡಿಯ ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಬೆಂಗಳೂರಿನ ಟೂರಿನವರು ಕಾಶಿ, ಸಿಂಗಪುರ, ಮೊರಾಕ್ಕೊ ಎಂದು ಮೂರು ಹೆಸರು ಹೇಳಿದರು. ಕಾಶಿಗೆ ಹೋಗುವಷ್ಟು ಮುದುಕನಾಗಿಲ್ಲ ಎಂಬ ಜಂಬದಲ್ಲಿ ಮೂರನೆಯದಕ್ಕೆ ಹೂಂ ಅಂದೆ. ಪಾಸ್‌ಪೋರ್ಟಿಗೆ ಮೊದಲ ಮೊಹರು ಬಿದ್ದದ್ದು ಅರವತ್ತೊಂದನೇ ವಯಸ್ಸಿನಲ್ಲಿ.

ಗುಂಪಿನಲ್ಲಿ ನನ್ನೊಬ್ಬನನ್ನು ಬಿಟ್ಟರೆ ಎಲ್ಲರೂ ಜೋಡಿ. "ಸರ್, ಒಂದು ಫೋಟೊ" ಎಂದು ಗಂಡಸರು ಫೋನನ್ನು ನನ್ನ ಕೈಗಿಟ್ಟು ಹೆಂಡತಿಯ ಪಕ್ಕ ಹೋಗಿ ನಿಲ್ಲುತ್ತಿದ್ದರು. ಇಡೀ ಪ್ರವಾಸದಲ್ಲಿ ನನ್ನದು ಒಂದೂ ಫೋಟೊ ಇಲ್ಲ. ಊಟಕ್ಕೆ ನಾಲ್ಕು ಕುರ್ಚಿಯ ಮೇಜಿನಲ್ಲಿ ಎರಡು ಜೋಡಿ ಕೂತರೆ ನಾನು ಪಕ್ಕದ ಮೇಜಿಗೆ. ಒಂಟಿಯಾಗಿರುವುದಕ್ಕೆ ಇಷ್ಟು ದೂರ ಬರಬೇಕಿತ್ತೇ, ಮನೆಯಲ್ಲೇ ಪುಕ್ಕಟೆಯಾಗಿ ಸಿಗುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಐದನೇ ದಿನ ಫೆಜ್ ಎಂಬ ಊರಿನ ಹಳೇ ಪೇಟೆಗೆ ಬಿಟ್ಟರು. ಓಣಿಗಳು ಎಷ್ಟು ಕಿರಿದೆಂದರೆ ಮೂಟೆ ಹೊತ್ತ ಕತ್ತೆ ಎದುರಾದರೆ ಗೋಡೆಗೆ ಅಂಟಿ ನಿಂತು ದಾರಿ ಬಿಡಬೇಕು. ಪುದೀನ, ಜೀರಿಗೆ, ಹದ ಮಾಡಿದ ಚರ್ಮ, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತಿತ್ತು. ನಮ್ಮವರು ಅಂಗಡಿ ಅಂಗಡಿಗೆ ನುಗ್ಗಿ, ಇದು ಅಮ್ಮನಿಗೆ, ಇದು ನಾದಿನಿಗೆ ಎಂದು ಆರಿಸತೊಡಗಿದರು. ನಮ್ಮ ಕಡೆ ಸಂತೆಗೆ ಹೋದವರು ಬರಿಗೈಲಿ ಬರುವಂತಿಲ್ಲ, ಒಂದು ಸೇರು ಕಡ್ಲೆಪುರಿಯನ್ನಾದರೂ ತರಬೇಕು. ನಾನು ಯಾರಿಗೆ ತರಲಿ?

ಒಬ್ಬಳಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ, ವಿರೂಪಾಕ್ಷಿಪುರದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದವಳು. ಎಂಟು ವರ್ಷದಿಂದ ಮಾತಿರಲಿಲ್ಲ. ಮಗನ ಮದುವೆಗೆ ಅವಳು ಮನೆಗೆ ಬಂದು ಕುಂಕುಮ ಇಟ್ಟು ಕರೆಯಲಿಲ್ಲ. ಫೋನ್ ಮಾಡಿ, "ಕಾಲು ನೋಯ್ತೈತೆ ಕಣ್ಲಾ, ಬಸ್ ಹತ್ತಕ್ಕಾಗಲ್ಲ. ಪತ್ರಿಕೆ ವಾಟ್ಸಪ್ಪಲ್ಲಿ ಹಾಕುಸ್ತೀನಿ, ಬಂದ್ಬುಡು" ಅಂದಳು. ಸೋದರಮಾವನನ್ನು ಕರೆಯುವ ರೀತಿಯೇ ಇದು ಎಂದು ನನಗೆ ಉರಿದುಹೋಯಿತು. ಮದುವೆಗೆ ಹೋಗಲಿಲ್ಲ. ಅವಳ ಫೋನ್ ಎತ್ತಲಿಲ್ಲ. ಅವಳ ಸುದ್ದಿ ನನ್ನ ಮುಂದೆ ಎತ್ತಿದರೆ ಎದ್ದು ಹೋಗುತ್ತೇನೆ ಎಂದು ನೆಂಟರಿಗೆಲ್ಲ ಹೇಳಿದೆ, ಒಂದೆರಡು ಸಲ ಎದ್ದೂ ಹೋದೆ. ಮೊಂಡ ರಾಜನಿಗಿಂತ ಬಲವಾದವನು ಅನ್ನುತ್ತಾರೆ. ರಾಜನಿಗೆ ಮಾತಾಡಲು ಜನವಾದರೂ ಇರುತ್ತಾರೆ.

ಆ ಓಣಿಯ ತುದಿಯಲ್ಲಿ ಬರೀ ಚಪ್ಪಲಿ ಅಂಗಡಿಗಳು. ಹಿಮ್ಮಡಿ ಬಿಟ್ಟು ಮುಂಗಾಲು ಮುಚ್ಚುವ ಮೆತ್ತನೆ ತೊಗಲಿನ ಚಪ್ಪಲಿ, ಅರಿಸಿನದ ಬಣ್ಣದ್ದು. ನನಗಿಂತ ಮುದುಕನಾದ ಅಂಗಡಿಯವನು ಇಂಗ್ಲಿಷಿನಲ್ಲಿ ಸೈಜ್ ಕೇಳಿದ. ನನಗೆ ನಂಬರ್ ಎಲ್ಲಿ ಗೊತ್ತು? ನಮ್ಮೂರಲ್ಲಿ ಆಗ ಹೆಂಗಸರು ಚಪ್ಪಲಿ ಅಂಗಡಿಗೆ ಹೋಗುತ್ತಿರಲಿಲ್ಲ. ಪಾದದುದ್ದಕ್ಕೆ ಪೊರಕೆಕಡ್ಡಿ ಮುರಿದು ಕೊಡುತ್ತಿದ್ದರು, ಚನ್ನಪಟ್ಟಣಕ್ಕೆ ಹೋದ ಗಂಡಸರು ಅದನ್ನಿಟ್ಟು ಅಳೆದು ತರುತ್ತಿದ್ದರು. ಅಕ್ಕನಿಗೆ ನಾನೇ ಎಷ್ಟು ಸಲ ತಂದಿದ್ದೆನೆಂದರೆ ಆಮೇಲಾಮೇಲೆ ಕಡ್ಡಿಯೇ ಬೇಕಾಗುತ್ತಿರಲಿಲ್ಲ. ಒಂದು ಗೇಣು, ಮೇಲೆ ಎರಡು ಬೆರಳು. ಅಂಗಡಿಯವನೆದುರು ಹಾಗೇ ಗೇಣು ಹಾಕಿ ತೋರಿಸಿದೆ. ಅವನು ನಗುತ್ತಾ ತನ್ನ ಗೇಣನ್ನು ನನ್ನ ಗೇಣಿನ ಪಕ್ಕ ಇಟ್ಟು ನೋಡಿ ಒಂದು ಜೊತೆ ತೆಗೆದ.

"ವೈಫ್?" ಎಂದ.

"ಸಿಸ್ಟರ್" ಎಂದೆ. ಎಂಟು ವರ್ಷದ ಮೇಲೆ ಆ ಮಾತು ನನ್ನ ಬಾಯಿಂದ ಬಂತು. ಅದೂ ಕನ್ನಡದಲ್ಲಲ್ಲ, ಹೆಸರೂ ಗೊತ್ತಿಲ್ಲದವನ ಮುಂದೆ. ಚೌಕಾಸಿ ಮಾಡುವುದೂ ಮರೆತು ಕೇಳಿದಷ್ಟು ಕೊಟ್ಟೆ. ಬಸ್ಸಿನಲ್ಲಿ ಗುಂಪಿನ ಹೆಂಗಸೊಬ್ಬರು ಬೆಲೆ ಕೇಳಿ, "ಚೆನ್ನಾಗಿ ಟೋಪಿ ಹಾಕಿದಾನೆ ಸರ್" ಎಂದು ಮರುಕಪಟ್ಟರು.

ಊರಿಗೆ ಬಂದ ಮೂರನೇ ದಿನ ಚನ್ನಪಟ್ಟಣದಲ್ಲಿ ಬಸ್ ಬದಲಾಯಿಸಿ ಅಕ್ಕನ ಊರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಭಯ, ಬಾಗಿಲಿಂದಲೇ ಅಟ್ಟಿಬಿಟ್ಟರೆ? ಬಾಗಿಲು ತೆಗೆದವಳು ಸೊಸೆ. "ಯಾರು ಬೇಕಾಗಿತ್ತು?" ಅಂದಳು. ಅವಳ ಮದುವೆಗೇ ನಾನು ಹೋಗದಿದ್ದದ್ದು. "ಅಕ್ಕ ಇದಾಳಾ?" ಎಂದೆ. ದನಿ ಗುರುತು ಹಿಡಿದು ಒಳಗಿನಿಂದಲೇ ಅಕ್ಕ ಅಂದಳು. "ನನ್ನ ತಮ್ಮ ಕಣವ್ವ. ಒಳಕ್ಕೆ ಬುಡು."

ಮಂಚದ ಮೇಲೆ ದುಪ್ಪಟಿ ಹೊದ್ದು ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನೆಲದಲ್ಲಿ ಕೂತು ಚೀಲದಿಂದ ಚಪ್ಪಲಿ ತೆಗೆದು, ನಾನೇ ತೊಡಿಸೋಣವೆಂದು ದುಪ್ಪಟಿ ಸರಿಸಿದೆ. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ.

"ಒಂದೇ ತಂದಿದ್ರೆ ಸಾಕಾಗಿತ್ತು ಕಣ್ಲಾ" ಅಂದಳು ಅಕ್ಕ, ನಗುತ್ತಲೇ.

"ಯಾವಾಗಕ್ಕ? ನಂಗ್ಯಾರೂ ಹೇಳ್ಲಿಲ್ಲವಲ್ಲ."

"ಎಲ್ಡ್ ವರ್ಸ ಆಯ್ತು. ಸಕ್ಕರೆ ಕಾಯ್ಲೆ. ಕಾಲು ತೆಗೀತೀವಿ ಅಂದ್ರಲ್ಲ, ಅವತ್ತು ತಮ್ಮಂಗೆ ಒಸಿ ಹೇಳ್ಕಳುಸ್ರಪ್ಪ ಅಂದೆ. ನನ್ನ ಸುದ್ದಿ ಎತ್ತುದ್ರೆ ಎದ್ದೋಗ್ಬುಡ್ತೀಯ ಅಂತ ಒಬ್ರೂ ಬಾಯಿ ಬುಡ್ಲಿಲ್ವಂತೆ."

ನೆಂಟರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಅವರೆಲ್ಲ ನಾನು ಹೇಳಿದ ಹಾಗೇ ನಡೆದುಕೊಂಡಿದ್ದರು.