ಬೋಣಿಗೆ ಮುಂಚೆ ಕೇಳಿದ ಅಕ್ಕಿ

ಹೊಸದಾಗಿ ಸಂಸಾರ ಹೂಡಿದವರಿಗೆ ನಾನು ಈಗಲೂ ಹೇಳುವುದು ಇಷ್ಟೇ: ಮಾರ್ಕೆಟ್ಟಿಗೆ ಬೋಣಿಯ ಹೊತ್ತಿಗೆ ಹೋಗಿ. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಅಂಗಡಿಯವರಿಗೆ ಮನಸ್ಸು ಬರುವುದಿಲ್ಲ, ಜಗ್ಗಿದಷ್ಟೂ ಇಳಿಯುತ್ತಾರೆ. ಶಾಂತಿಗ್ರಾಮದಿಂದ ತುಪ್ಪ ಹೊತ್ತು ತಂದು ಮಾರುತ್ತಿದ್ದ ನಾನು ಹಾಸನದಲ್ಲಿ ಸ್ವಂತ ಅಂಗಡಿ ಹಾಕಿದ್ದು ಇಂಥ ತಿಳಿವಳಿಕೆಯಿಂದಲೇ.

ಯುದ್ಧದ ಕಾಲದಲ್ಲಿ ಅದು ಕೆಲಸಕ್ಕೆ ಬರಲಿಲ್ಲ.

ಹೆಂಡತಿ ಹೆತ್ತು ವಾರವೂ ಆಗಿರಲಿಲ್ಲ. ಎದೆಹಾಲು ಬತ್ತುತ್ತಿತ್ತು. ಬಾಣಂತಿಗೆ ರಾಗಿ ಅರಗುವುದಿಲ್ಲ, ಹಳೆ ಅಕ್ಕಿಯ ಗಂಜಿಯೇ ಆಗಬೇಕು ಎಂದು ಅವ್ವ ಹಟ ಹಿಡಿದಿದ್ದಳು. ರೇಷನ್ ಅಂಗಡಿಯಲ್ಲಿ ಅಕ್ಕಿ ಕಂಡು ಬಹಳ ಕಾಲವಾಗಿತ್ತು. ಮಾರ್ಕೆಟ್ಟಿನಲ್ಲಿ ಗೋಣಿಯ ಅಡಿಯಲ್ಲಿ ಬಚ್ಚಿಟ್ಟು ಮಾರುತ್ತಾರೆಂದು ಕೇಳಿದ್ದೆ. ಬಾಗಿಲು ತೆಗೆಯುವಾಗಲೇ ಹೋಗಿ ನಿಂತೆ.

ಹೆಂಚಿನ ಮಾಡಿನ ಉದ್ದನೆಯ ಕಟ್ಟಡ, ಎರಡೂ ಬದಿಗೆ ಕಲ್ಲುಕಟ್ಟೆಯ ಅಂಗಡಿಗಳು. ಮೊದಲ ದಿನಸಿಯವನು ಪರಿಚಯದವನೇ. ಅಕ್ಕಿ ಬೇಕೆಂದೆ. ತಕ್ಕಡಿ ಒರೆಸುತ್ತ, ಮುಂದಕ್ಕೆ ನೋಡಿ ಎಂದ. ಬೋಣಿಗೆ ಮುಂಚೆ 'ಇಲ್ಲ' ಎನ್ನಬಾರದು, ಎಂದರೆ ಅಂದಿನ ವ್ಯಾಪಾರ ಕೆಡುತ್ತದೆ ಎಂಬುದು ಅಲ್ಲಿನವರ ನೇಮ. ಹಾಗಾಗಿ ಇಲ್ಲದಿದ್ದರೂ ಅದೇ ಮಾತು, ಬಚ್ಚಿಟ್ಟಿದ್ದರೂ ಅದೇ ಮಾತು. ನಾನು ಬೆಲೆ ಏರಿಸುವ ಆಟವೆಂದೇ ತಿಳಿದೆ. ಕೇಳಿದಷ್ಟು ಕೊಡುತ್ತೇನೆಂದು ಕಿವಿಯಲ್ಲಿ ಉಸುರಿದೆ. ಅವನು ಮುಖ ತಿರುಗಿಸಿದ. ಮುಂದಿನವನೂ ಮುಂದಕ್ಕೆ ನೋಡಿ ಎಂದ. ಅದರ ಮುಂದಿನವನೂ ಅಷ್ಟೇ. ಹೀಗೆ ಹಿಂದಿನ ಬಾಗಿಲ ತನಕ ಬಂದೆ.

ಅಲ್ಲಿ ಸೊಪ್ಪಿನ ಮುದುಕಿಯೊಬ್ಬಳು ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಯಾರ ಹತ್ತಿರ ಅಕ್ಕಿ ಇದೆ, ನೀನಾದರೂ ಹೇಳವ್ವ ಎಂದೆ. ಯಾರಿಗೆ ಎಂದು ಕೇಳಿದಳು. ಬಾಣಂತಿಗೆ ಎಂದೆ. ಅವಳ ಕೈ ನಿಂತಿತು.

"ಇಲ್ಲ ಕಣಪ್ಪಾ. ಇಲ್ಲಿ ಯಾರತ್ರಾನೂ ಇಲ್ಲ. ಇದ್ದಿದ್ರೆ ನೀನು ಕೊಡೋ ದುಡ್ಡಿಗೆ ಇವ್ರು ಸುಮ್ಕಿರ್ತಿದ್ರಾ? ಸುತ್ತಬ್ಯಾಡ, ಮನೀಗೋಗು."

ಪಕ್ಕದ ಈರುಳ್ಳಿಯವನು ನಕ್ಕ. "ಬೋಣಿಗೆ ಮುಂಚೇನೇ ಇಲ್ಲ ಅಂದ್ಬುಟ್ಯಲ್ಲಜ್ಜೀ, ಇವತ್ತು ಸೊಪ್ಪೆಲ್ಲ ನೀನೇ ತಿನ್ನು."

"ತಿಂತೀನಿ ಬುಡ್ಲಾ."

ಬೆಲೆ ಹೆಚ್ಚಾಯಿತೆಂದರೆ ಜಗ್ಗಬಹುದಿತ್ತು. ಬರಿ ಚೀಲ ಮಡಚಿಕೊಂಡು ಹೊರಟೆ. ಇಂಥದಕ್ಕೆ ನಿಮಗೆ ಹೇಳಿಕೊಡಲು ನನ್ನಲ್ಲಿ ಏನೂ ಇಲ್ಲ.

ಮನೆಗೆ ಬಂದಾಗ ಅವ್ವ ಒಲೆಯ ಮೇಲೆ ಎಸರಿಟ್ಟು ಕಾಯುತ್ತಿದ್ದಳು. ನನ್ನ ಚೀಲ ನೋಡಿದಳು. ಕುದಿಯುವ ನೀರಿಗೆ ರಾಗಿಹಿಟ್ಟು ಕದಡಿದಳು. ಒಳಗೆ ಅಳುತ್ತಿದ್ದ ಮಗು ಸುಮ್ಮನಾಯಿತು. ಹಾಲು ಬಂತೇ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಅತ್ತು ಸಾಕಾಗಿ ಮಲಗಿದೆ ಎಂದಳು ಹೆಂಡತಿ.