ನೀರಿನಿಂದ ಎತ್ತಿದ ಹಿಡಿ ಅಕ್ಕಿ

ಶನಿವಾರ ಬೆಳಗಿನ ಐದು ಗಂಟೆ. ಮಿಜೋರಾಂನ ಸಿಯಾಲ್‌ತ್ಲಾಂಗ್ ಊರಿನ ಕೆಳಗೆ ಕಣಿವೆ ತುಂಬ ಮಂಜು. ಪಾದ್ರಿ ರೊಥುವಾಮ ಒಲೆಯ ಮೇಲಿನ ಪಾತ್ರೆಗೆ ಕೈಯಿಳಿಸಿ, ಆಗಲೇ ನೀರಿಗೆ ಬಿದ್ದ ಅಕ್ಕಿಯನ್ನು ಒಂದು ಹಿಡಿ ಮೇಲೆತ್ತುತ್ತಿದ್ದಾರೆ.

"ಇವತ್ತೂ ಮರೆತ್ರಾ?" ಮಂಡಿ ನೋವಿನ ಹೆಂಡತಿ ಬಿಯಾಕ್‌ಮೋಯಿ ಕೂತಲ್ಲಿಂದಲೇ ನಗುತ್ತಾರೆ. "ಒಲೆಗೆ ಹಾಕೋಕೆ ಮುಂಚೆ ದೇವರ ಹಿಡಿ ತೆಗೀರಿ ಅಂತ ಊರಿಗೆಲ್ಲ ಹೇಳಿದ್ದು ಯಾರೋ!"

"ಹೇಳಿದ್ದು ನಾನು, ತೆಗೆದಿದ್ದು ನೀನು."

ಇಲ್ಲಿ ಪ್ರತಿ ಮನೆಯಲ್ಲೂ ಹೊತ್ತು ಹೊತ್ತಿನ ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿ ಡಬ್ಬಿಗೆ ಬೀಳುತ್ತದೆ. ಶನಿವಾರ ಹೆಂಗಸರು ಅದನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಚರ್ಚು ನಡೆಯುವುದು, ಪಾದ್ರಿಯ ಹೊಟ್ಟೆ ತುಂಬುವುದು ಅದರಿಂದಲೇ. ಮೂವತ್ತೈದು ವರ್ಷ, ಹತ್ತು ಊರುಗಳಲ್ಲಿ ರೊಥುವಾಮರನ್ನು ಸಾಕಿದ್ದು ಆ ಹಿಡಿಗಳೇ. ಬಿದಿರು ಹೂಬಿಟ್ಟು, ಅದರ ಬೀಜ ತಿಂದು ಹೆಚ್ಚಿದ ಇಲಿಗಳು ಬೆಳೆಯನ್ನೂ ತಿಂದ ಬರಗಾಲದ ವರ್ಷ ಅವರು ಇದೇ ಊರಿನಲ್ಲಿದ್ದರು. "ಆಗ ಪಿ ಛುಂಗಿ ಡಬ್ಬೀಲಿ ಅಕ್ಕಿ ಇರ್ಲಿಲ್ಲ, ಕಾಡುಗೆಣಸಿನ ಹೋಳಿತ್ತು. ಅವರ ಮೊಮ್ಮಕ್ಕಳ ಪಾಲಿನದು. ನಾನದನ್ನ ತಿಂದಿದ್ದೀನಿ" ಎನ್ನುತ್ತಾರೆ. ಪಿ ಎಂದರೆ ಇಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು.

ಹೋದ ತಿಂಗಳು ನಿವೃತ್ತಿ. ಊರು ಶಾಲು ಹೊದಿಸಿ ಹಾಡಿ ಬೀಳ್ಕೊಟ್ಟಿತು. ಆದರೆ ಬೀಳ್ಕೊಂಡವರು ಹೊರಡಲಿಲ್ಲ! ಹಳೆಯ ಪಾದ್ರಿ ಕೊನೆಯ ಊರಿನಲ್ಲಿ ನಿಲ್ಲುವ ವಾಡಿಕೆಯಿಲ್ಲ. ನಿಂತರೆ ಹೊಸಬರ ಮಾತು ಯಾರು ಕೇಳುತ್ತಾರೆ? ತಮ್ಮದೆನ್ನುವ ಊರೇ ಇಲ್ಲದ ರೊಥುವಾಮ ಇಲ್ಲೇ ಇರಲು ಬಿಡಿ ಎಂದು ಕೈಮುಗಿದು ಕೇಳಿದರು. ಹಿರಿಯರು ಎರಡು ಷರತ್ತು ಹಾಕಿ ಒಂದು ತಿಂಗಳು ಕೊಟ್ಟು ನೋಡಿದರು: ವೇದಿಕೆ ಹತ್ತಬಾರದು, ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳಬಾರದು.

ಎರಡನೆಯ ವಾರವೇ ಒಂದು ಸಾವಿನ ಮನೆಯವರು ಹೇಳಿಕಳಿಸಿದರು. ರೊಥುವಾಮ ಹೋದರು, ಬೈಬಲ್ ಬಿಟ್ಟು, ಊರ ಗಂಡಸರಂತೆ ಗುಂಡಿ ತೋಡಲು ಗುದ್ದಲಿ ಹಿಡಿದು. ಪ್ರಾರ್ಥನೆ ಹೊಸ ಪಾದ್ರಿಯದು. "ನಾನೂರು ಗುಂಡಿ ಮುಂದೆ ನಿಂತು ಮಾತಾಡಿದೀನಿ. ಒಂದನ್ನೂ ತೋಡಿರ್ಲಿಲ್ಲ. ಮಣ್ಣು ಇಷ್ಟು ಗಟ್ಟಿ ಅಂತ ಗೊತ್ತಾಗಿದ್ದು ಅವತ್ತೇ" ಎಂದು ಅಂಗೈಯ ಬೊಕ್ಕೆ ತೋರಿಸುತ್ತಾರೆ.

ಇಂದಿಗೆ ತಿಂಗಳು ಮುಗಿಯಿತು. ಗಂಟುಮೂಟೆ ಬಾಗಿಲ ಬಳಿ ಕಟ್ಟಿಯೇ ಇದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬೆನ್ನಿಗೆ ಚೀಲ ಹೊತ್ತ ಪಿ ಛುಂಗಿ. ಎಂಬತ್ತು ದಾಟಿದರೂ ಶನಿವಾರದ ಸುತ್ತು ಬಿಟ್ಟಿಲ್ಲ. ಡಬ್ಬಿಗೆ ಕೈ ಹಾಕಿದವರೇ ಹುಬ್ಬೇರಿಸುತ್ತಾರೆ.

"ಇದೇನು ಪಾದ್ರಿಗಳೇ, ಅಕ್ಕಿಗೂ ದೀಕ್ಷಾಸ್ನಾನವೇ? ನಮ್ಮಲ್ಲಿ ಹಣೆಗೆ ನಾಲ್ಕು ಹನಿ ಸಾಕಲ್ಲ, ಪೂರಾ ಮುಳುಗಿಸಿಬಿಟ್ರಾ?"

"ತಪ್ಪಾಯ್ತು ಪಿ ಛುಂಗಿ."

"ಚೀಲಕ್ಕೆ ಹಾಕಿದ್ರೆ ಊರಿನ ಅಕ್ಕಿಗೆಲ್ಲ ಬೂಷ್ಟು. ಒಣಗಿಸಿಡಿ, ಮುಂದಿನ ಶನಿವಾರ ತಗೋತೀನಿ."

ರೊಥುವಾಮ ಬಾಗಿಲ ಬಳಿಯ ಗಂಟುಮೂಟೆಯ ಕಡೆ ನೋಡುತ್ತಾರೆ. "ಮುಂದಿನ ಶನಿವಾರ... ನಾನಿಲ್ಲಿ ಇರ್ತೀನಾ?"

"ಮತ್ತೆಲ್ಲಿಗೆ ಹೋಗ್ತೀರಿ? ನಿನ್ನೆ ಹಿರಿಯರು ಒಪ್ಪಿದ್ರು. ಗುದ್ದಲಿ ಹಿಡಿದೋನು ನಮ್ಮೂರೋನೇ ಅಂದ್ರು."

ರೊಥುವಾಮ ಮೊರದಲ್ಲಿ ಅಕ್ಕಿ ಹರಡಿ ಬಿಸಿಲು ಬೀಳುವ ಕಡೆ ಇಡುತ್ತಾರೆ. ಕಾಳು ಕಾಳನ್ನೂ ಬೆರಳಲ್ಲಿ ಬಿಡಿಸುತ್ತ, ಯಾರನ್ನೂ ನೋಡದೆ ಹೇಳುತ್ತಾರೆ: "ಮುಂದಿನ ವಾರ ಒಣಗಿದ್ದೇ ಕೊಡ್ತೀನಿ."